ಗೆಡ್ ಎಲ್ಲಿ?

ಯಾವುದೇ ಸರಣಿಯ ಎರಡನೇ ಪುಸ್ತಕ ಶುರು ಮಾಡುವಾಗ ನಾನು ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಳ್ಳುತ್ತೇನೆ. ಮೊದಲ ಪುಸ್ತಕಕ್ಕೆ ಅದು ಬೇಕು ಅನಿಸುವುದಿಲ್ಲ. ಮೊದಲನೆಯದನ್ನು ಬರಿಗೈಯಲ್ಲಿ ತೆರೆಯುತ್ತೇವೆ, ಅದು ಕೊಟ್ಟದ್ದನ್ನು ತೆಗೆದುಕೊಳ್ಳುತ್ತೇವೆ. ಎರಡನೆಯದಕ್ಕೆ ಹೋಗುವ ಹೊತ್ತಿಗೆ ಮನಸ್ಸಲ್ಲಿ ಆಗಲೇ ಒಬ್ಬ ನಾಯಕ ಇರುತ್ತಾನೆ. ಉತ್ತರ ಸಿಗದ ನಾಲ್ಕು ಪ್ರಶ್ನೆ ಇರುತ್ತವೆ. ಕಥೆ ಹೀಗೇ ಹೋಗಬೇಕು ಅನ್ನುವ ಹಟವೂ ಸ್ವಲ್ಪ ಇರುತ್ತದೆ. ಪುಸ್ತಕ ಬೇರೆ ದಾರಿ ಹಿಡಿದರೆ ಸಿಟ್ಟು ಬರುತ್ತದೆ. ಆ ಸಿಟ್ಟನ್ನು ಬಂದ ಜಾಗದಲ್ಲೇ ಬರೆದಿಡುವುದು ನನಗೆ ಹೇಗೆ ಅಭ್ಯಾಸವಾಯಿತು ಅಂತ ಹೇಳುತ್ತೇನೆ.

ಅದಕ್ಕೆ ಕಾರಣವಾದ ಪುಸ್ತಕ ಅರ್ಸುಲಾ ಲೆ ಗ್ವಿನ್ ಅವರ 'ದಿ ಟೂಂಬ್ಸ್ ಆಫ್ ಅಟುವಾನ್'. ಅರ್ಥ್‌ಸೀ ಸರಣಿಯ ಎರಡನೇ ಭಾಗ. ಮೊದಲನೆಯದು 'ಎ ವಿಝರ್ಡ್ ಆಫ್ ಅರ್ಥ್‌ಸೀ', 1968ರಲ್ಲಿ ಬಂತು. ಇದು ಪುಸ್ತಕವಾಗಿ ಬಂದದ್ದು 1971ರಲ್ಲಿ. ಇಲ್ಲಿ ಎರಡರ ಕಥೆಯನ್ನೂ ಬಿಚ್ಚಿ ಹೇಳುತ್ತೇನೆ. ಇನ್ನೂ ಓದಿಲ್ಲದವರು, ಓದುವ ಆಸೆ ಇರುವವರು, ದಯವಿಟ್ಟು ಮೊದಲು ಅವನ್ನು ಓದಿಕೊಳ್ಳಿ. ಇದನ್ನು ಆಮೇಲೆ ಓದಿದರೂ ಆಯಿತು.

ಎರಡನೆಯದನ್ನು ಕೈಗೆತ್ತಿಕೊಳ್ಳುವ ಮುಂಚೆ ಮೊದಲ ಪುಸ್ತಕವನ್ನು ಪೂರ್ತಿ ಮತ್ತೆ ಓದಬೇಕಾ? ನಾನು ಓದಲಿಲ್ಲ. ಅದರ ಬದಲು, ಪುಸ್ತಕ ಮುಟ್ಟದೆ, ನೆನಪಿದ್ದಷ್ಟನ್ನು ಅರ್ಧ ಪುಟ ಬರೆದೆ. ಗಾಂಟ್ ಅನ್ನುವ ದ್ವೀಪದಲ್ಲಿ ಮೇಕೆ ಕಾಯುವ ಹುಡುಗ. ಹುಟ್ಟಿನಿಂದಲೇ ಮಂತ್ರಶಕ್ತಿ. ರೋಕ್ ದ್ವೀಪದ ಶಾಲೆಯಲ್ಲಿ ಕಲಿಯುವಾಗ ಹೊಟ್ಟೆಕಿಚ್ಚು, ಜಂಬ. ಸತ್ತವರ ಆತ್ಮವನ್ನು ಕರೆಯಲು ಹೋಗಿ ಒಂದು ನೆರಳನ್ನು ಲೋಕಕ್ಕೆ ಬಿಟ್ಟುಬಿಡುತ್ತಾನೆ. ಅದು ಇವನನ್ನು ಅಟ್ಟುತ್ತದೆ, ಆಮೇಲೆ ಇವನೇ ಅದನ್ನು ಅಟ್ಟುತ್ತಾನೆ. ಕೊನೆಗೆ ಸಮುದ್ರದ ಆಚೆ ಅಂಚಲ್ಲಿ ಅದನ್ನು ತನ್ನ ಹೆಸರಿನಿಂದಲೇ ಕರೆಯುತ್ತಾನೆ: ಗೆಡ್. ಆ ಲೋಕದಲ್ಲಿ ಒಂದು ವಸ್ತುವಿನ ನಿಜವಾದ ಹೆಸರು ಗೊತ್ತಿದ್ದರೆ ಅದು ನಿಮ್ಮ ಮಾತು ಕೇಳುತ್ತದೆ. ಅದಕ್ಕೇ ಯಾರೂ ತಮ್ಮ ನಿಜವಾದ ಹೆಸರನ್ನು ಸುಲಭಕ್ಕೆ ಹೇಳುವುದಿಲ್ಲ.

ಇಷ್ಟು ಬರೆದು, ಆ ಪುಸ್ತಕದ ಕೊನೆಯ ಅಧ್ಯಾಯ ಮಾತ್ರ ಓದಿದೆ. ನಕ್ಷೆಯನ್ನು ಇನ್ನೊಮ್ಮೆ ನೋಡಿದೆ. ಈ ಅರ್ಧ ಪುಟದ ಉಪಯೋಗ ನೆನಪು ಹುರಿದುಂಬಿಸುವುದಷ್ಟೇ ಅಂದುಕೊಂಡಿದ್ದೆ. ಅದರಲ್ಲಿ ಏನು ಬಿಟ್ಟುಹೋಗಿದೆ ಅನ್ನುವುದೂ ಮುಖ್ಯ ಅಂತ ಆಮೇಲೆ ಗೊತ್ತಾಯಿತು.

ಇನ್ನೊಂದು ಪುಟದಲ್ಲಿ ನನ್ನ ಆಸೆಗಳನ್ನು ಬರೆದೆ. ಸಮುದ್ರ ಬೇಕು, ದೋಣಿ ಬೇಕು, ಹೊಸ ಹೊಸ ದ್ವೀಪ ಬೇಕು. ರೋಕ್ ಶಾಲೆ ಮತ್ತೆ ಬರಲಿ. ಒಂದು ಡ್ರ್ಯಾಗನ್ ಎದುರಿಗೇ ಬಂದು ನಿಂತು ಮಾತಾಡಲಿ. ಇಷ್ಟೆಲ್ಲ ಗೆಡ್ ಜೊತೆ ನಡೆಯಲಿ. ಕೊನೆಯದನ್ನು ನಾನು ಬರೆಯಲೂ ಇಲ್ಲ. ಅವನು ಇರುತ್ತಾನೆ ಅನ್ನುವುದರಲ್ಲಿ ಅನುಮಾನವೇ ಇರಲಿಲ್ಲ.

ಪುಸ್ತಕ ತೆರೆದರೆ ಸಮುದ್ರ ಇಲ್ಲ. ಅಟುವಾನ್ ಅನ್ನುವ ನಾಡು, ಅದರ ಒಣ ಬಯಲು, ಬಯಲಿನ ನಡುವೆ ಗೋಡೆ ಸುತ್ತಿದ ಒಂದು ಪೂಜಾಸ್ಥಳ. ಅಲ್ಲಿ ಇರುವವರು ಹೆಂಗಸರು, ಹುಡುಗಿಯರು, ಅವರನ್ನು ಕಾಯುವ ನಪುಂಸಕರು. ಪೂಜಾರಿಣಿ ಸತ್ತ ರಾತ್ರಿಯೇ ಹುಟ್ಟಿದ ಹೆಣ್ಣುಮಗುವನ್ನು ಹುಡುಕಿ, ಅದೇ ಪೂಜಾರಿಣಿ ಮತ್ತೆ ಹುಟ್ಟಿದ್ದಾಳೆ ಅಂತ ಹೇಳಿ, ಐದು ವರ್ಷಕ್ಕೆ ಇಲ್ಲಿಗೆ ತರುತ್ತಾರೆ. ಅವಳ ಹೆಸರನ್ನು ಕಿತ್ತುಕೊಳ್ಳುತ್ತಾರೆ. ಆಮೇಲೆ ಅವಳು ಆರ್ಹಾ, ಅಂದರೆ ನುಂಗಲ್ಪಟ್ಟವಳು. ಹೆಸರಿಲ್ಲದ ಕತ್ತಲ ಶಕ್ತಿಗಳ ಸಮಾಧಿಗಳಿಗೆ ಅವಳೇ ಒಡತಿ.

ನನ್ನ ನೋಟ್‌ಬುಕ್ಕಿನಲ್ಲಿ ಮೊದಲ ಅಧ್ಯಾಯದ ಪಕ್ಕ ಹೀಗಿದೆ: ಆರ್ಹಾ ಯಾರು? ಗೆಡ್‌ಗೆ ಏನಾಗಬೇಕು? ಎರಡನೇ ಅಧ್ಯಾಯದ ಪಕ್ಕ: ಗೆಡ್ ಎಲ್ಲಿ? ಮೂರನೆಯದರ ಪಕ್ಕ: ಇವಳು ನನಗೆ ಇಷ್ಟವಾಗುತ್ತಿಲ್ಲ. ನಾಲ್ಕನೆಯದರ ಪಕ್ಕ ಮತ್ತೆ 'ಗೆಡ್ ಎಲ್ಲಿ?', ಈ ಸಲ ಕೆಳಗೆ ಎರಡು ಗೆರೆ.

ಮೂರನೇ ಅಧ್ಯಾಯದ ಮಾತಿಗೆ ಕಾರಣ ಇದೆ. ರಾಜ ಕಳಿಸಿದ ಮೂವರು ಕೈದಿಗಳು ಸಮಾಧಿಯ ಕೆಳಗಿನ ಕೋಣೆಯಲ್ಲಿ ಸರಪಳಿಯಲ್ಲಿ ಬಿದ್ದಿದ್ದಾರೆ. ಅವರು ಹೇಗೆ ಸಾಯಬೇಕು ಅಂತ ಹೇಳಬೇಕಾದವಳು ಈ ಹುಡುಗಿ. ಅವಳು ಹೇಳುತ್ತಾಳೆ: ಅನ್ನ ನೀರು ಇಲ್ಲದೆ, ಕತ್ತಲಲ್ಲಿ. ಹೇಳಿ ಆದಮೇಲೆ ಅವಳ ಕೈಯಲ್ಲಿ ತಡೆದುಕೊಳ್ಳಲು ಆಗುವುದಿಲ್ಲ, ದಿನಗಟ್ಟಲೆ ಕೆಟ್ಟ ಕನಸು ಕಾಡುತ್ತದೆ. ಆದರೂ ಹೇಳಿದ್ದು ಹೇಳಿಯೇ ಬಿಟ್ಟಳು. ನನಗೆ ಪುಸ್ತಕ ಮುಚ್ಚಿಡಬೇಕು ಅನಿಸಿತು. ಮೊದಲ ಪುಸ್ತಕದಲ್ಲಿ ಗೆಡ್ ಕೂಡ ತಪ್ಪು ಮಾಡಿದ್ದ. ಆದರೆ ಅವನದು ಜಂಬದ ತಪ್ಪು. ಇದು ಕೊಲೆ ಅಲ್ವಾ? ಇಂಥವಳ ಜೊತೆ ನಾನು ಇಡೀ ಪುಸ್ತಕ ಹೇಗೆ ಕಳೆಯಲಿ ಅಂತ ಬರೆದುಕೊಂಡಿದ್ದೇನೆ.

ಇಲ್ಲೇ ಬಿಟ್ಟುಬಿಡುವವರು ಇರುತ್ತಾರೆ. ಅವರನ್ನು ದೂರುವುದಿಲ್ಲ. ನಾನು ಮುಂದುವರಿದದ್ದು ಗೆಡ್ ಸಿಗುತ್ತಾನೆ ಅನ್ನುವ ಒಂದೇ ಆಸೆಯಿಂದ.

ಐದನೇ ಅಧ್ಯಾಯದಲ್ಲಿ ಸಿಕ್ಕ. ಹೇಗೆ ಸಿಕ್ಕ ಅನ್ನುವುದನ್ನು ನಿಧಾನವಾಗಿ ಹೇಳಬೇಕು.

ಸಮಾಧಿಗಳ ಕೆಳಗೆ ಒಂದು ದೊಡ್ಡ ಗುಹೆ ಇದೆ. ಅಲ್ಲಿಗೆ ಬೆಳಕು ತರುವುದು ಮಹಾಪಾಪ. ಆರ್ಹಾ ಆ ಜಾಗದ ಒಡತಿಯಾದರೂ ಅದನ್ನು ಒಂದು ಸಲವೂ ಕಣ್ಣಿಂದ ನೋಡಿಲ್ಲ. ಗೋಡೆ ಮುಟ್ಟಿಕೊಂಡು, ತಿರುವುಗಳನ್ನು ಎಣಿಸಿಕೊಂಡು ಓಡಾಡುತ್ತಾಳೆ. ನಾಲ್ಕು ಅಧ್ಯಾಯ ನಾವೂ ಅವಳ ಜೊತೆ ಹಾಗೇ ಓಡಾಡಿರುತ್ತೇವೆ, ಬೆರಳ ತುದಿಯಲ್ಲಿ. ಒಂದು ದಿನ ಅವಳು ಅಲ್ಲಿಗೆ ಬಂದರೆ, ಬೆಳಕು. ಒಬ್ಬ ಗಂಡಸು ಕೋಲು ಹಿಡಿದು ನಿಂತಿದ್ದಾನೆ, ಕೋಲಿನ ತುದಿಯಿಂದ ಬೆಳಕು ಬರುತ್ತಿದೆ. ಆ ಬೆಳಕಲ್ಲಿ ಗುಹೆಯ ಗೋಡೆ, ಮಾಡು ಎಲ್ಲ ಹರಳುಗಳಾಗಿ ಹೊಳೆಯುತ್ತಿವೆ. ಕತ್ತಲೆಯೇ ದೇವರು ಅಂತ ನಂಬಿದ್ದ ಹುಡುಗಿ ತನ್ನ ಜಾಗ ಇಷ್ಟು ಚೆಂದ ಇದೆ ಅಂತ ನೋಡುವುದು ಅದೇ ಮೊದಲು. ತೋರಿಸಿದವನು ಒಬ್ಬ ಕಳ್ಳ.

ಆ ಪುಟದ ಪಕ್ಕ ನಾನು ಬರೆದದ್ದು: ಯಾರಿವನು, ಇಲ್ಲಿಗೆ ಯಾಕೆ ಬಂದ? ನಂಬಿ, ಹಾಗೇ ಬರೆದಿದ್ದೇನೆ. ನಾಲ್ಕು ಅಧ್ಯಾಯದಿಂದ ಗೆಡ್ ಎಲ್ಲಿ ಎಲ್ಲಿ ಅಂತ ಕೇಳುತ್ತಿದ್ದ ನಾನು, ಅವನು ಎದುರು ಬಂದಾಗ ಗುರುತು ಹಿಡಿಯಲಿಲ್ಲ. ಒಂದೆರಡು ಸಾಲು ದಾಟಿದ ಮೇಲೆ ಎದೆ ಧಸಕ್ ಎಂದಿತು. ಕೋಲು, ಬೆಳಕು, ಮಂತ್ರವಾದಿ. ಇವನೇ ಅವನು! ಆದರೆ ಆ ಎರಡು ಸಾಲಿನ ಹೊತ್ತು ನಾನು ಅವಳ ಕಡೆ ನಿಂತಿದ್ದೆ. ನನ್ನ ಜಾಗಕ್ಕೆ ಯಾರೋ ನುಗ್ಗಿದ್ದಾರೆ ಅನಿಸಿತ್ತು.

ಪುಸ್ತಕ ಮುಗಿಸಿ ವಾರ ಕಳೆದ ಮೇಲೆ ಬರೆದಿದ್ದರೆ ಈ ಎರಡು ಸಾಲಿನ ವಿಷಯ ನನಗೆ ಖಂಡಿತ ಮರೆತುಹೋಗಿರುತ್ತಿತ್ತು. ಗೆಡ್ ಬಂದ ಕೂಡಲೇ ಖುಷಿಯಾಯಿತು ಅಂತ ಬರೆದುಬಿಡುತ್ತಿದ್ದೆ. ಅದು ಸುಳ್ಳು ಕೂಡ ಅಲ್ಲ, ಆಮೇಲೆ ಖುಷಿ ಆಯಿತಲ್ಲ. ಆದರೆ ಲೇಖಕಿ ಮಾಡಿದ ಕೆಲಸ ಇರುವುದು ಆ ಎರಡು ಸಾಲಲ್ಲೇ. ಮೊದಲ ಪುಸ್ತಕದಲ್ಲಿ ಅವನ ಒಳಗೆ ಕೂತು ಲೋಕ ನೋಡಿದ್ದೆವು. ಇಲ್ಲಿ ಅವನನ್ನು ಹೊರಗಿನಿಂದ ನೋಡಬೇಕು, ಅವನನ್ನು ಕಂಡರೆ ಹೆದರುವ, ಅವನನ್ನು ಕೊಲ್ಲಬೇಕಾದ ಹುಡುಗಿಯ ಕಣ್ಣಲ್ಲಿ. ಅದಕ್ಕೆ ನಾವು ಮೊದಲು ಅವಳ ಕಣ್ಣಿಗೆ ಒಗ್ಗಿಕೊಳ್ಳಬೇಕು. ನಾಲ್ಕು ಅಧ್ಯಾಯ ಬೇಕಾದದ್ದು ಅದಕ್ಕೆ. ನನಗೆ ಸಿಟ್ಟು ಬರಿಸಿದ ಆ ಕಾಯುವಿಕೆ ಇಲ್ಲದಿದ್ದರೆ ಬೆಳಕು ಬೆಳಕಿನಂತೆ ಕಾಣುತ್ತಿರಲಿಲ್ಲ.

ಮುಂದಿನದನ್ನು ಬೇಗ ಹೇಳುತ್ತೇನೆ. ಅವಳು ಅವನನ್ನು ಒಳಗೇ ಇಟ್ಟು ಬಾಗಿಲು ಹಾಕುತ್ತಾಳೆ. ಚಕ್ರವ್ಯೂಹದಂಥ ದಾರಿಗಳಲ್ಲಿ ಅವನು ನೀರಿಲ್ಲದೆ ಸುತ್ತುವುದನ್ನು ಮೇಲಿನ ಕಿಂಡಿಗಳಿಂದ ನೋಡುತ್ತಾಳೆ. ಸಾಯಲು ಬಿಡಬೇಕು, ಆದರೆ ಬಿಡುವುದಿಲ್ಲ, ನೀರು ಕೊಡುತ್ತಾಳೆ. ಆ ಮೂವರು ಕೈದಿಗಳು ಸತ್ತದ್ದು ಇಲ್ಲಿ ಅರ್ಥಕ್ಕೆ ಬರುತ್ತದೆ. ಅವಳಿಗೆ ಇನ್ನೊಂದು ಸಲ ಅದನ್ನು ಮಾಡಲು ಆಗುವುದಿಲ್ಲ.

ಅವನು ಅಲ್ಲಿಗೆ ಬಂದದ್ದು ಒಡೆದ ಒಂದು ಉಂಗುರದ ಅರ್ಧ ಹುಡುಕಿಕೊಂಡು. ಎರೆತ್-ಅಕ್ಬೆ ಅನ್ನುವ ಹಳೆಯ ಕಾಲದ ಮಂತ್ರವಾದಿಯ ಉಂಗುರ. ಅದರ ಇನ್ನರ್ಧ ಆಗಲೇ ಅವನ ಹತ್ತಿರ ಇದೆ. ಅದು ಎಲ್ಲಿ ಸಿಕ್ಕಿತು ಅಂತ ಅವನು ಹೇಳುವಾಗ ನಾನು ನೋಟ್‌ಬುಕ್ ಹಿಂದಕ್ಕೆ ತಿರುಗಿಸಿ ನನ್ನ ಅರ್ಧ ಪುಟ ನೋಡಿದೆ. ಮೊದಲ ಪುಸ್ತಕದಲ್ಲಿ ಗೆಡ್ ದೋಣಿ ಒಡೆದು ಒಂದು ಮರಳುದಿಬ್ಬದ ಮೇಲೆ ಬಿದ್ದಿರುತ್ತಾನೆ. ಅಲ್ಲಿ ಒಬ್ಬ ಮುದುಕ, ಒಬ್ಬ ಮುದುಕಿ, ಎಷ್ಟೋ ವರ್ಷದಿಂದ ಇಬ್ಬರೇ. ಆ ಅಜ್ಜಿ ಅವನ ಕೈಗೆ ಒಂದು ಲೋಹದ ಚೂರು ಕೊಡುತ್ತಾಳೆ. ನನ್ನ ಅರ್ಧ ಪುಟದಲ್ಲಿ ಆ ಅಜ್ಜಿ ಇರಲೇ ಇಲ್ಲ. ಕಥೆಯ ದೊಡ್ಡ ದೊಡ್ಡ ತಿರುವುಗಳನ್ನೆಲ್ಲ ನೆನಪಿಟ್ಟುಕೊಂಡು, ಮುಂದಿನ ಪುಸ್ತಕವೇ ನಿಂತಿರುವ ಆ ಸಣ್ಣ ಉಡುಗೊರೆಯನ್ನು ಬಿಟ್ಟಿದ್ದೆ. ಗೆಡ್‌ಗೂ ಆಗ ಅದರ ಬೆಲೆ ಗೊತ್ತಿರಲಿಲ್ಲ. ಅದು ಏನು ಅಂತ ಮುಂದೆ ಒಂದು ಡ್ರ್ಯಾಗನ್ ಅವನಿಗೆ ಹೇಳುತ್ತದೆ. ಈ ಪುಸ್ತಕದಲ್ಲಿ ಡ್ರ್ಯಾಗನ್ ಬರುವುದು ಇಷ್ಟೇ, ಮಾತಲ್ಲಿ.

ಮುಂದೆ ಒಂದು ಪುಟದ ಪಕ್ಕ ಒಂದೇ ಪದ ಇದೆ: ಟೆನಾರ್. ಗೆಡ್ ಅವಳಿಗೆ ಅವಳ ಹೆಸರನ್ನು ಹೇಳುವ ಜಾಗ. ಓದುವಾಗ ಗಂಟಲು ಕಟ್ಟಿತು, ಅದಕ್ಕಿಂತ ಹೆಚ್ಚು ಬರೆಯಲು ಆಗಲಿಲ್ಲ.

ಮುಗಿಸಿದ್ದು ರಾತ್ರಿ. ಮುಗಿದ ಮೇಲೆ ಏನು ಮಾಡುತ್ತೇನೆ ಅಂದರೆ, ಬೇರೆ ಯಾರು ಏನು ಹೇಳಿದ್ದಾರೆ ಅಂತ ನೋಡುವುದಿಲ್ಲ. ಒಂದು ಸಾಲೂ ನೋಡುವುದಿಲ್ಲ. ನೋಡಿದ ಕೂಡಲೇ ನನ್ನ ಮಾತು ಅವರ ಮಾತಿನ ಬಣ್ಣಕ್ಕೆ ತಿರುಗುತ್ತದೆ, ನನಗೇ ಗೊತ್ತಾಗದ ಹಾಗೆ. ಇಷ್ಟವಾಗದ ಪುಸ್ತಕವನ್ನು ಎಲ್ಲರೂ ಹೊಗಳಿದ್ದರೆ ನನಗೂ ಇಷ್ಟವಾಗಿತ್ತೇನೋ ಅನಿಸಲು ಶುರುವಾಗುತ್ತದೆ. ಹಾಗಾಗಿ ಮೊದಲು ನನ್ನದನ್ನು ಬರೆದು ಮುಗಿಸುತ್ತೇನೆ. ಪುಸ್ತಕ ಮುಚ್ಚಿ, ಕಣ್ಣ ಮುಂದೆ ಉಳಿದಿರುವ ಒಂದು ಚಿತ್ರ ಯಾವುದು ಅಂತ ಕೇಳಿಕೊಂಡು ಅಲ್ಲಿಂದ ಶುರು ಮಾಡುತ್ತೇನೆ. ಚೆನ್ನಾಗಿದೆ, ಚೆನ್ನಾಗಿಲ್ಲ ಅನ್ನುವ ಮಾತಿನಿಂದ ಶುರು ಮಾಡಿದರೆ ಬರೀ ವಾದ ಮಾಡುತ್ತಾ ಹೋಗುತ್ತೇನೆ. ಚಿತ್ರದಿಂದ ಶುರು ಮಾಡಿದರೆ ಓದಿದ್ದು ಮತ್ತೆ ಹತ್ತಿರ ಬರುತ್ತದೆ.

ಆ ರಾತ್ರಿ ನನಗೆ ಉಳಿದ ಚಿತ್ರ ಗುಹೆಯ ಬೆಳಕಲ್ಲ. ಒಂದು ಮೊಲ. ತಪ್ಪಿಸಿಕೊಂಡು ಬೆಟ್ಟದ ದಾರಿಯಲ್ಲಿ ನಡೆಯುತ್ತಿರುವಾಗ ಗೆಡ್ ಒಂದು ಮೊಲವನ್ನು ಅದರ ನಿಜವಾದ ಹೆಸರಿಂದ ಕರೆಯುತ್ತಾನೆ. ಅದು ಬರುತ್ತದೆ. ಇಬ್ಬರಿಗೂ ಹಸಿವು, ಆದರೆ ಅದನ್ನು ಹಿಡಿದು ತಿನ್ನಲು ಅವನು ಒಪ್ಪುವುದಿಲ್ಲ. ಹೆಸರು ಹಿಡಿದು ಕರೆದಾಗ ಅದು ನಂಬಿ ಬಂದಿದೆ. ಇದನ್ನು ಬರೆಯುತ್ತಿದ್ದಾಗ ಕೈ ನಿಂತಿತು. ಅವಳನ್ನೂ ಅವನು ಹೆಸರು ಹಿಡಿದೇ ಕರೆದಿದ್ದ ಅಲ್ವಾ? ಆರನೇ ವರ್ಷದಿಂದ ಯಾರೂ ಕರೆಯದ ಹೆಸರು. ಅವಳೂ ನಂಬಿ ಬಂದಳು. ಮುಂದೆ ಸಮುದ್ರದ ದಡದಲ್ಲಿ ಅವಳು ಚಾಕು ಹಿಡಿದು ಅವನನ್ನು ಕೊಲ್ಲಲು ಹೊರಡುವುದು ಯಾಕೆ ಅಂತಲೂ ಆಗ ಹೊಳೆಯಿತು. ಈ ನಂಬಿಕೆ ಎಲ್ಲಿಗೆ ಒಯ್ಯುತ್ತದೆ ಅಂತ ಅವಳಿಗೆ ಗೊತ್ತಿಲ್ಲ. ಬಿಡುಗಡೆ ಸಿಕ್ಕಿದೆ, ಆದರೆ ಅದನ್ನು ಹೊರುವುದು ಹೇಗೆ ಅಂತ ಯಾರೂ ಕಲಿಸಿಲ್ಲ.

ಸಿಟ್ಟು ಬಂದ ಜಾಗಗಳನ್ನೂ ಬರೆದೆ. ಎರಡನೇ ಅಧ್ಯಾಯ ಉದ್ದ ಆಯಿತು ಅಂತ ಬರೆದದ್ದನ್ನು ಆಮೇಲೆ ಹೊಡೆದುಹಾಕಿದೆ. ಇನ್ನೊಂದು ದೂರನ್ನು ಹಾಗೇ ಬಿಟ್ಟಿದ್ದೇನೆ. ಮಾನನ್ ಅಂತ ಒಬ್ಬ ಇದ್ದಾನೆ, ಅವಳನ್ನು ಚಿಕ್ಕಂದಿನಿಂದ ನೋಡಿಕೊಂಡವನು. ಆ ಇಡೀ ಜಾಗದಲ್ಲಿ ಅವಳ ಮೇಲೆ ನಿಜವಾದ ಪ್ರೀತಿ ಇದ್ದದ್ದು ಅವನಿಗೆ. ಕೊನೆಯಲ್ಲಿ ಅವನು ಗೆಡ್ ಮೇಲೆ ಎರಗಿ, ಜಾರಿ, ಕತ್ತಲ ಪ್ರಪಾತಕ್ಕೆ ಬೀಳುತ್ತಾನೆ. ಕಥೆ ಅಲ್ಲಿ ನಿಲ್ಲುವುದಿಲ್ಲ, ಓಡುತ್ತದೆ. ಓಡಲೇಬೇಕು, ಭೂಮಿ ನಡುಗುತ್ತಿದೆ. ಆದರೂ ನನಗೆ ನೋವಾಯಿತು. ಎರಡನೇ ಸಲ ಓದಿದಾಗ ಟೆನಾರ್ ಅವನನ್ನು ಮುಂದೆ ನೆನೆಯುವುದು ಕಾಣಿಸಿತು, ಅವನ ಸಾವಿಗೆ ತಾನೇ ಕಾರಣ ಅಂತ ಅವಳು ಹೇಳಿಕೊಳ್ಳುತ್ತಾಳೆ. ಅದು ಸಾಕಾ? ನನಗೆ ಇನ್ನೂ ಸಾಲದು.

ಕಾಪಾಡಿದವನು ಗಂಡಸು, ಬಿಡುಗಡೆಯಾದವಳು ಹೆಣ್ಣು ಎಂಬ ಮಾತು ಬರಬಹುದು ಅಂತಲೂ ಆ ರಾತ್ರಿ ಬರೆದಿದ್ದೇನೆ. ಆದರೆ ನಾನು ಓದಿದ್ದು ಹಾಗಲ್ಲ. ಆ ಗುಹೆಯಲ್ಲಿ ಗೆಡ್ ತನ್ನ ಶಕ್ತಿಯನ್ನೆಲ್ಲ ಕತ್ತಲ ಶಕ್ತಿಗಳನ್ನು ತಡೆಹಿಡಿಯುವುದಕ್ಕೇ ಸುರಿಯುತ್ತಿದ್ದಾನೆ. ಬೇರೆ ಏನೂ ಮಾಡಲು ಅವನಲ್ಲಿ ಶಕ್ತಿ ಉಳಿದಿಲ್ಲ. ದಾರಿ ಗೊತ್ತಿರುವುದು ಅವಳಿಗೆ. ಕತ್ತಲಲ್ಲಿ ಬೆರಳಿಂದ ಎಣಿಸಿಟ್ಟ ಆ ತಿರುವುಗಳು ಅವನನ್ನು ಹೊರಗೆ ತರುತ್ತವೆ. ಒಬ್ಬರನ್ನು ಬಿಟ್ಟು ಇನ್ನೊಬ್ಬರು ಹೊರಗೆ ಬರುವ ಹಾಗೇ ಇರಲಿಲ್ಲ. ಉಂಗುರದ ಎರಡು ಚೂರಿನ ಹಾಗೆ.

ಬರೆದು ಮುಗಿದ ಮೇಲೆ ಮಾಡುವ ಕೊನೆಯ ಕೆಲಸ ಒಂದಿದೆ. ಪುಸ್ತಕದ ಮೊದಲ ಎರಡು ಪುಟಗಳನ್ನು ಮತ್ತೆ ಓದುವುದು, ಕೊನೆಯ ಪುಟ ಇನ್ನೂ ಬಿಸಿಯಾಗಿರುವಾಗಲೇ. ಇದಕ್ಕೆ ಐದು ನಿಮಿಷ ಸಾಕು. ಈ ಪುಸ್ತಕದಲ್ಲಿ ಮೊದಲ ಅಧ್ಯಾಯಕ್ಕೂ ಮುಂಚೆ ಒಂದು ಪುಟ್ಟ ಮುನ್ನುಡಿಯಂಥ ಕಥಾಭಾಗ ಇದೆ. ಸಂಜೆ, ಹೂಬಿಡಲು ಕಾದಿರುವ ಸೇಬಿನ ತೋಟ. ಒಂದು ಮಗು ಮರಗಳ ನಡುವೆ ಓಡುತ್ತಿದೆ. ಅಪ್ಪ ಅಮ್ಮನಿಗೆ ಹೇಳುತ್ತಿದ್ದಾನೆ, ಅವಳ ಮೇಲೆ ಇಷ್ಟು ಆಸೆ ಯಾಕೆ ಇಟ್ಟುಕೊಳ್ಳುತ್ತೀಯ, ಕರೆದುಕೊಂಡು ಹೋಗಲು ಬರುತ್ತಾರಲ್ಲ ಅಂತ. ಅಮ್ಮ ಮಗುವನ್ನು ಮನೆಗೆ ಕೂಗುತ್ತಾಳೆ, ಹೆಸರು ಹಿಡಿದು. ಟೆನಾರ್.

ನಾನು ನೋಟ್‌ಬುಕ್ ತೆಗೆದು ನೋಡಿದೆ. ಮೊದಲ ಅಧ್ಯಾಯದಿಂದಲೂ ನಾನು ಬರೆದದ್ದು ಆರ್ಹಾ, ಆರ್ಹಾ, ಆರ್ಹಾ. ಅವಳ ಹೆಸರು ಟೆನಾರ್ ಅಂತ ಪುಸ್ತಕ ಮೊದಲ ಪುಟದಲ್ಲೇ ನನಗೆ ಹೇಳಿತ್ತು. ಕೆಲವೇ ಪುಟಗಳಲ್ಲಿ ನಾನೂ ಮರೆತಿದ್ದೆ. ಅವಳಿಂದ ಆ ಹೆಸರು ಕಿತ್ತುಕೊಂಡವರು ಎಷ್ಟು ಸುಲಭವಾಗಿ ಗೆದ್ದರು ಅನ್ನುವುದಕ್ಕೆ ನನ್ನದೇ ಅಕ್ಷರದಲ್ಲಿ ಸಾಕ್ಷಿ ಇತ್ತು. ಗೆಡ್ ಆ ಹೆಸರು ಹೇಳಿದಾಗ ಗಂಟಲು ಕಟ್ಟಿದ್ದು ಯಾಕೆ ಅಂತ ಆಗ ತಿಳಿಯಿತು. ಗೊತ್ತಿದ್ದದ್ದೇ, ಮರೆತಿದ್ದೆ, ಯಾರೋ ನೆನಪಿಸಿದರು.

ಕೊನೆಯ ಪುಟದಲ್ಲಿ ಅವಳು ಹ್ಯಾವ್ನರ್ ನಗರದ ಬಿಳಿ ಬೀದಿಗಳಲ್ಲಿ ಗೆಡ್‌ನ ಕೈ ಹಿಡಿದು ನಡೆಯುತ್ತಾಳೆ, ಮನೆಗೆ ಬರುತ್ತಿರುವ ಮಗುವಿನ ಹಾಗೆ. ಮೊದಲ ಪುಟದಲ್ಲಿ ಅಮ್ಮ ಮನೆಗೆ ಬಾ ಅಂತ ಕರೆದದ್ದಕ್ಕೆ ಉತ್ತರ ಸಿಗಲು ಹನ್ನೆರಡು ಅಧ್ಯಾಯ ಹಿಡಿಯಿತು. ಇದನ್ನು ಯಾರೂ ನನಗೆ ತೋರಿಸಿಕೊಡಲಿಲ್ಲ. ಆ ಐದು ನಿಮಿಷ ಓದದಿದ್ದರೆ ನನಗೆ ಕಾಣುತ್ತಲೂ ಇರಲಿಲ್ಲ.

ಮಾರನೇ ದಿನದಿಂದ ಬೇರೆಯವರು ಬರೆದದ್ದನ್ನು ಓದಿದೆ. ಅಮೆರಿಕದ ಆರೆಗಾನ್ ರಾಜ್ಯದ ಪೂರ್ವ ಭಾಗದ ಮರುಭೂಮಿಗೆ ಹೋಗಿ ಬಂದಿದ್ದರಿಂದ ಈ ಪುಸ್ತಕ ಹುಟ್ಟಿತು ಅಂತ ಲೆ ಗ್ವಿನ್ ಅವರೇ ಹೇಳಿದ್ದಾರೆ. ನಾನು ಸಮುದ್ರ ಬೇಕು ಅಂತ ಬರೆದುಕೊಂಡಿದ್ದೆ, ಅವರು ಕಣ್ಣಲ್ಲಿ ಮರುಭೂಮಿ ತುಂಬಿಕೊಂಡು ಬಂದಿದ್ದರು. ನನ್ನ ಆಸೆಯ ಪುಟದಲ್ಲಿದ್ದ ಸಮುದ್ರ ಕೊನೆಗೂ ಬಂತು, ಗೆಡ್‌ನ ದೋಣಿಯೂ ಬಂತು. ಅಷ್ಟು ಹೊತ್ತಿಗೆ ನಾನು ಅದನ್ನು ಕೇಳುವುದನ್ನೇ ಬಿಟ್ಟಿದ್ದೆ.

ಮೂರನೇ ಪುಸ್ತಕ ಕೈಯಲ್ಲೇ ಇತ್ತು. ತಕ್ಷಣ ಶುರು ಮಾಡಲಿಲ್ಲ. ಒಂದರ ಮೇಲೊಂದು ಓದಿದರೆ ಎರಡನೆಯದು ಮೊದಲನೆಯದಕ್ಕೂ ಮೂರನೆಯದಕ್ಕೂ ನಡುವಿನ ಸೇತುವೆಯಾಗಿ ಉಳಿದುಬಿಡುತ್ತದೆ. ಮೂರು ವಾರ ಬಿಟ್ಟು ಹೊಸ ಪುಟ ತೆಗೆದೆ. ಆಸೆಗಳ ಪಟ್ಟಿಯಲ್ಲಿ ಗೆಡ್ ಇರಲಿಲ್ಲ, ಒಂದೇ ಹೆಸರಿತ್ತು. ಓದುತ್ತಾ ಹೋದ ಹಾಗೆ ಪುಟದ ಪಕ್ಕ ಮತ್ತೆ ಮತ್ತೆ ಬರೆದೆ: ಟೆನಾರ್ ಎಲ್ಲಿ? ಅಲ್ಲಿ ಗೆಡ್‌ಗೆ ವಯಸ್ಸಾಗಿದೆ, ಅವನ ಜೊತೆ ಹೊಸ ಹುಡುಗ ಇದ್ದಾನೆ. ಅವಳು ಕಥೆಗೆ ಬರುವುದಿಲ್ಲ. ಆ ಪುಸ್ತಕ ಬಂದದ್ದು 1972ರಲ್ಲಿ. ನಾಲ್ಕನೆಯದು ಬಂದದ್ದು 1990ರಲ್ಲಿ. ಆಗಿನ ಓದುಗರು 18 ವರ್ಷ ಕಾದ ಮೇಲೆ ತೆರೆದ ಆ ಪುಸ್ತಕವನ್ನು ನಾನು ಮುಂದಿನ ತಿಂಗಳೇ ತೆರೆದೆ. ಮೊದಲ ಸಾಲಿನಲ್ಲೇ ಗಾಂಟ್ ದ್ವೀಪದ ಒಬ್ಬ ರೈತ ತೀರಿಕೊಂಡಿದ್ದಾನೆ, ಅವನ ಹೆಂಡತಿ ಆ ಮನೆಯಲ್ಲೇ ಉಳಿದುಕೊಂಡಿದ್ದಾಳೆ. ಅವಳನ್ನು ಊರವರು ಬೇರೆ ಹೆಸರಿಂದ ಕರೆಯುತ್ತಾರೆ. ಈ ಸಲ ನಾನು ಪುಟದ ಪಕ್ಕ ಅವಳ ಸರಿಯಾದ ಹೆಸರನ್ನೇ ಬರೆದೆ.